ರಾಯಚೂರು ಮುತ್ತಿಗೆ, 1520: ಹರೆಯದ ಹುಡುಗರ ಯುದ್ಧನಾಟಕ ಕಟ್ಟೋದು ಹ್ಯಾಂಗ?

ರಂಗ_ರಾಯಚೂರು
ಎಲ್ಲರಿಗೂ ಶರಣು. ಇಲ್ಲಿನ ಪದವಿ ಕಾಲೇಜಿನ ಹುಡುಗರ ತಂಡಕ್ಕ ಒಂದೂವರೆ ತಾಸಿನ ಹೊಸ ನಾಟಕ ಬೇಕಾಗ್ಯದ. ಒಂಬತ್ತು ಹುಡುಗರು, ಮೂರು ಹುಡುಗಿಯರು, ವಯಸ್ಸು 17ರಿಂದ 21. ವಿಷಯ ಯುದ್ಧ. ಆದ್ರ ಜಯಘೋಷದ ನಾಟಕ ಬ್ಯಾಡ. ಕೊಲ್ಲೋ ಕೆಲಸಕ್ಕ ಹಚ್ಚಿದ ಹುಡುಗನ ಒಳಗ ಏನಾಗ್ತದ, ಅದು ನಾಟಕದ ಜೀವ ಆಗಬೇಕು. ಮೊದಲ ಪ್ರಯೋಗ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಾಗ, ಆಮ್ಯಾಲ ಕೊಪ್ಪಳ, ಬಳ್ಳಾರಿ. ಯಾವ ಯುದ್ಧ ತಗೋಬೇಕು? ಕಾದಾಟ ರಂಗದ ಮ್ಯಾಲ ಹ್ಯಾಂಗ ತೋರಿಸಬೇಕು? ಸಾಮಾನು, ಉಡುಪು, ಸದ್ದಿನ ಬಗ್ಗೆ ತಿಳಿದವರು ಬಿಡಿಸಿ ಹೇಳ್ರಿ. ರೊಕ್ಕ ಕಡಿಮಿ ಅದ.

ಕೋಟೆಗೋಡೆ
ಯುದ್ಧ ಹುಡುಕಿಕೊಂಡು ದೂರ ಹೋಗಬೇಡಿ, ನಿಮ್ಮೂರಿನ ಕೋಟೆಯನ್ನೇ ತೆಗೆದುಕೊಳ್ಳಿ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಕೈಯಲ್ಲಿದ್ದ ರಾಯಚೂರನ್ನು ಮುತ್ತಿದ. ಇದರ ವಿವರ ಬರೆದಿಟ್ಟವನು ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ, ಅದೂ ಘಟನೆ ನಡೆದು ಸುಮಾರು 15 ವರ್ಷದ ಮೇಲೆ. ಅವನು ಕೊಡುವ ಏಳು ಲಕ್ಷಕ್ಕೂ ಮೀರಿದ ಕಾಲಾಳುಗಳ ಲೆಕ್ಕವನ್ನು ನಂಬಬೇಡಿ. ಆದರೆ ಗೋಡೆಯ ಬುಡದಲ್ಲಿ ಏನು ನಡೆಯಿತು ಎಂದು ಹೇಳುವಲ್ಲಿ ಅವನು ನಾಟಕಕಾರನಿಗೆ ಬಂಗಾರ.

ಅವನ ಪ್ರಕಾರ ಕೋಟೆಗೆ ಮೂರು ಸುತ್ತಿನ ಗೋಡೆ. ದೊಡ್ಡ ದೊಡ್ಡ ಕಲ್ಲು, ನಡುವೆ ಗಾರೆ ಇಲ್ಲ, ಒಳಗೆ ಮಣ್ಣು ತುಂಬಿದ್ದು. ಗಾರೆ ಇಲ್ಲದ್ದರಿಂದಲೇ ಹಾರೆ ಹಾಕಿ ಒಂದೊಂದೇ ಕಲ್ಲು ಕೀಳಲು ಸಾಧ್ಯವಾಯಿತು. ಒಳಗೆ ಮಣ್ಣಿದ್ದುದರಿಂದ ಎಷ್ಟು ಕಿತ್ತರೂ ಗೋಡೆ ಬೀಳಲಿಲ್ಲ. ಮೇಲಿನಿಂದ ಬಾಣ, ಗುಂಡು, ಕಲ್ಲು. ಆಳುಗಳು ಹೆದರಿ ಹಿಂದೆ ಸರಿದಾಗ ನಾಯಕರು ಒಂದು ಉಪಾಯ ಮಾಡಿದರು: ಕಿತ್ತು ತಂದ ಕಲ್ಲನ್ನು ದುಡ್ಡು ಕೊಟ್ಟು ಕೊಂಡುಕೊಂಡರು. ಕಲ್ಲಿನ ಗಾತ್ರ ನೋಡಿ 10, 20, 30, 40, 50 ಹಣ. (ಆ ಕಾಲದ ಹಣ ಎಂದರೆ ಅರ್ಧ ಗ್ರಾಂಗೂ ಕಡಿಮೆ ತೂಕದ ಚಿನ್ನದ ಸಣ್ಣ ಬಿಲ್ಲೆ.)

ಅಂಗಳದ ಮಧ್ಯೆ ತಕ್ಕಡಿ ಹಿಡಿದು ಕೂತ ಒಬ್ಬ ಲೆಕ್ಕಿಗ, ಎದುರಿಗೆ ಕಲ್ಲು ಹೊತ್ತು ಸಾಲಿನಲ್ಲಿ ನಿಂತ ಹದಿನೆಂಟರ ಹುಡುಗರು. ಒಬ್ಬನೂ ಖಡ್ಗ ಎತ್ತುವ ಮೊದಲೇ ನಿಮ್ಮ ನಾಟಕ ಶುರುವಾಗಿಬಿಟ್ಟಿರುತ್ತದೆ.

ಸಿರುಗುಪ್ಪ_ಓದುಗ
ಒಳ್ಳೆ ವಿಷಯ. ಒಂದು ಸಲಹೆ: ಮಸ್ಕಿ ನಿಮ್ಮ ಜಿಲ್ಲೆಯಲ್ಲೇ ಇದೆ. ಅಶೋಕನ ಶಾಸನದಿಂದಲೇ ನಾಟಕ ಆರಂಭಿಸಿ. ಕಳಿಂಗದ ನಂತರ ಅವನಿಗಾದ ಪಶ್ಚಾತ್ತಾಪವನ್ನು ಸೂತ್ರಧಾರ ಓದಲಿ, ಆಮೇಲೆ 1520ಕ್ಕೆ ಬನ್ನಿ.

ಕೋಟೆಗೋಡೆ
ಹಾಗೆ ಮಾಡಿದರೆ ಬಲ್ಲವರು ಮೊದಲ ನಿಮಿಷದಲ್ಲೇ ತಪ್ಪು ಹಿಡಿಯುತ್ತಾರೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಶಾಸನದ ಹೆಚ್ಚುಗಾರಿಕೆ ಅಶೋಕ ಎಂಬ ಹೆಸರು ಅದರಲ್ಲಿ ಇರುವುದು. ಕಳಿಂಗದ ಮಾತು ಅದರಲ್ಲಿ ಇಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ನಿಮ್ಮ ಸಿರುಗುಪ್ಪ ಕಡೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಇಲ್ಲ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದರು ಎಂಬ ಪಶ್ಚಾತ್ತಾಪ ಇರುವುದು 13ನೆಯ ಬಂಡೆ ಶಾಸನದಲ್ಲಿ. ಅದನ್ನು ಕಳಿಂಗದೊಳಗಿನ ಧೌಳಿ, ಜೌಗಡಗಳಲ್ಲಿ ಕೆತ್ತಿಸಲೇ ಇಲ್ಲ. ನೊಂದವರ ಊರಲ್ಲಿ ಆ ಮಾತು ಬರೆಸಲಿಲ್ಲ, ಬೇರೆ ಕಡೆ ಬರೆಸಿದ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನೂನಿಜ್ ಹೇಳುವ 1520ರ ಒಂದೇ ದಿನವನ್ನು ನೋಡಿ. ಆದಿಲ್ ಶಾಹ ಕೃಷ್ಣೆ ದಾಟಿ ಬಂದು ತೋಪುಗಳನ್ನೆಲ್ಲ ಒಮ್ಮೆಗೇ ಹಾರಿಸಿದ. ವಿಜಯನಗರದ ಮುಂಚೂಣಿ ಮುರಿದು ಓಡತೊಡಗಿತು. ಓಡಿಬರುವ ನಮ್ಮವರನ್ನು ಕರುಣೆಯಿಲ್ಲದೆ ಕಡಿಯಿರಿ ಎಂದು ರಾಯ ಹಿಂದಿನ ದಂಡಿಗೆ ಆಜ್ಞೆ ಕೊಟ್ಟ. ತಮ್ಮವರ ಕೈಯಲ್ಲೇ ಸಾಯುವುದನ್ನು ಕಂಡು ಓಡುತ್ತಿದ್ದವರು ತಿರುಗಿ ಶತ್ರುವಿನ ಮೇಲೆ ಬಿದ್ದರು. ಗೆಲುವು ಆಯಿತು. ಅಟ್ಟಿಸಿಕೊಂಡು ಹೋಗಿ ಹೊಳೆಯ ದಂಡೆಯಲ್ಲೂ ನೀರಲ್ಲೂ ಕೊಂದರು. ಕೊನೆಗೆ ಅದೇ ರಾಯನಿಗೆ ಮರುಕ ಹುಟ್ಟಿ, ತಪ್ಪಿಲ್ಲದವರು ಬಹಳ ಮಂದಿ ಸತ್ತರು, ಸಾಕು ನಿಲ್ಲಿಸಿ ಎಂದ.

ಅಶೋಕನ ಮರುಕ ಬಂಡೆಯ ಮೇಲಿದೆ. ರಾಯನ ಮರುಕ ನೂನಿಜನ ಬರಹದಲ್ಲಿದೆ. ಬೆಳಗ್ಗೆ ತನ್ನ ಪಕ್ಕದೂರಿನವನನ್ನು ಕಡಿದು, ಮಧ್ಯಾಹ್ನ ಹೊಳೆಯಲ್ಲಿ ಮುಳುಗುತ್ತಿದ್ದವನನ್ನು ಇರಿದ ಹುಡುಗನ ಮರುಕ ಎಲ್ಲಿದೆ? ನಾಟಕ ಅದನ್ನು ಬರೆಯಲಿ. ದೊರೆಯ ಪಶ್ಚಾತ್ತಾಪದಿಂದ ಆರಂಭಿಸಿದರೆ ಪ್ರೇಕ್ಷಕರ ಕಣ್ಣೀರು ದೊರೆಗೇ ಹೋಗುತ್ತದೆ.

ರಂಗ_ರಾಯಚೂರು
ಇದೇ ಬೇಕಾಗಿತ್ತು. ರಾಯನ್ನ ರಂಗದ ಮ್ಯಾಲ ತರೋದೇ ಇಲ್ಲ. ಆಜ್ಞೆ ಎರಡೂ ದೂರದ ನಗಾರಿ, ಕೂಗು ಆಗಿ ಬರಲಿ. ಈಗ ಗೋಡೆ ಹೇಳ್ರಿ. ಕಲ್ಲು ಹ್ಯಾಂಗ ಮಾಡೋದು? ಥರ್ಮಕೋಲ್ ನಡೀತದೇನು?

ಹಾರಿ_ಗುದ್ದಲಿ
ಥರ್ಮಕೋಲ್ ಬ್ಯಾಡ್ರಿ ಅಣ್ಣಾರ. ಕೆಳಗ ಬಿದ್ರ ಪುಟಿತೈತಿ, ಒಂದಕ್ಕೊಂದು ತಿಕ್ಕಿದ್ರ ಕಿರ್ ಅಂತೈತಿ, ಮೂರನೇ ಪ್ರಯೋಗಕ್ಕ ಮೂಲಿ ಮುರದು ಬಿಳಿ ಕಾಣ್ತೈತಿ. ಎಲ್ಲಕ್ಕಿಂತ ಕೆಟ್ಟದ್ದು, ಹುಡುಗನ ಮೈ ಸುಳ್ಳು ಹೇಳ್ತೈತಿ.

ಮೊದ್ಲು ತೂಕದ ಲೆಕ್ಕ ತಿಳ್ಕೋರಿ. ನಮ್ಮ ಕಡೆ ಕಣಶಿಲೆ (ಗ್ರಾನೈಟ್) ಒಂದು ಅಡಿ ಉದ್ದ, ಅಗಲ, ಎತ್ತರ ಇದ್ರ ಹತ್ತಿರ ಹತ್ತಿರ 76 ಕೆಜಿ. ಒಬ್ಬ ಎತ್ತಂಗಿಲ್ಲ, ಇಬ್ಬರು ಕುಂತು ಎದ್ದು ಎತ್ತಬೇಕು. ಆರು ಇಂಚಿನ ಘನ ಆದ್ರ ಒಂಬತ್ತೂವರಿ ಕೆಜಿ, ಅದನ್ನ ಒಬ್ಬ ಹೆಗಲ ಮ್ಯಾಲ ಇಟ್ಕೊಂಡು ಓಡಬಹುದು. ಅಂದ್ರ ನಿಮ್ಮ ನಾಟಕದಾಗ 10 ಹಣದ ಕಲ್ಲು ಒಬ್ಬಂದು, 50 ಹಣದ ಕಲ್ಲು ಇಬ್ಬರದು. ಇಬ್ಬರು ಹೊತ್ತ ಕಲ್ಲಿಗೆ ಬಂದ ರೊಕ್ಕ ಹಂಚ್ಕೋಬೇಕು, ಒಬ್ಬ ದಾರ್ಯಾಗ ಸತ್ರ ಹಂಚ್ಕೊಳ್ಳೋದು ಬ್ಯಾಡ. ಜಗಳ, ಸಂಶಯ, ಪಾಪ ಎಲ್ಲಾ ಆ ತೂಕದಾಗ ಐತಿ. ಸಂಭಾಷಣಿ ಬರಿಯೋವಾಗ ಈ ಲೆಕ್ಕ ಎದುರಿಗೆ ಇಟ್ಕೋರಿ.

ಕಲ್ಲು ಮಾಡೋದು ಹಿಂಗ: ಬಿದಿರು ಸೀಳಿನ ಚೌಕಟ್ಟು, ಮ್ಯಾಲ ಗೋಣಿಚೀಲ ಬಿಗಿದು ಹೊಲಿಗಿ. ಹಳೆ ಪೇಪರ್ ಹರದು ಮೈದಾ ಅಂಟಿನಾಗ ನೆನಸಿ ನಾಕು ಪದರ ಬಳಿಬೇಕು. ಒಂದು ಪದರ ಪೂರಾ ಒಣಗಿದ ಮ್ಯಾಲೇ ಇನ್ನೊಂದು, ಅವಸರ ಮಾಡಿದ್ರ ಒಳಗ ಬೂಷ್ಟು ಹಿಡದು ವಾಸನಿ ಬರ್ತೈತಿ. ಅಂಟಿಗೆ ಒಂದು ಚಮಚ ಮೈಲುತುತ್ತ ಹಾಕಿದ್ರ ಇಲಿ, ಹುಳ ಮುಟ್ಟಂಗಿಲ್ಲ. ಅದು ವಿಷ, ಕಲಸೋವಾಗ ಕೈಗವಸು ಬೇಕು, ಅಡಿಗಿ ಪಾತ್ರಿ ಬಳಸಬ್ಯಾಡ್ರಿ. ಕೊನಿ ಪದರದ ಮ್ಯಾಲ ಅಂಟು ಹಸಿ ಇದ್ದಾಗ ಜರಡಿ ಹಿಡಿದ ಮರಳು ಉದುರಿಸ್ರಿ, ಕಲ್ಲಿನ ಮೈ ಬರ್ತೈತಿ. ಬಣ್ಣ: ಬೂದಿ ಬಣ್ಣದ ಡಿಸ್ಟೆಂಪರ್, ಅದಕ್ಕ ಸ್ವಲ್ಪ ರೆಡ್ ಆಕ್ಸೈಡ್. ರಾಯಚೂರು ಕಲ್ಲಿಗೆ ನಸುಗೆಂಪು ಛಾಯೆ ಐತಿ, ಬರೇ ಕರಿ ಬಳದ್ರ ಇದ್ದಲಿ ಕಂಡಂಗ ಕಾಣ್ತೈತಿ.

ಒಳಗ ಮರಳಿನ ಚೀಲ ಕಟ್ಟೋದು ಮರೀಬ್ಯಾಡ್ರಿ. ಸಣ್ಣ ಕಲ್ಲಿಗೆ 4 ಕೆಜಿ, ದೊಡ್ಡದಕ್ಕ 10. ಚೀಲ ಅಲುಗಾಡಬಾರ್ದು, ತಳಕ್ಕ ಬಿಗೀರಿ. ತೂಕ ಇದ್ರ ಸೊಂಟ ತಾನೇ ಬಗ್ಗತೈತಿ, ಉಸಿರು ತಾನೇ ಏರತೈತಿ, ನಟನಿ ಮಾಡಬೇಕಂತಿಲ್ಲ. ಒಟ್ಟು 14 ಕಲ್ಲು ಸಾಕು, ಅವನ್ನೇ ತಿರುಗಿಸಿ ಬಳಸ್ರಿ. ಗೋಡಿ ಪೂರಾ ಕಟ್ಟೋದು ಬ್ಯಾಡ. ಎಡಕ್ಕ ಆರಡಿ ಅಗಲದ್ದು ಒಂದು ತುಂಡು ಸಾಕು, ಉಳಿದದ್ದು ಕತ್ತಲಿ.

ರಂಗ_ರಾಯಚೂರು
ಹಾರಿ ಹಾಕೋ ದೃಶ್ಯ ನಾಟಕದ ಮೊದಲ 20 ನಿಮಿಷ ನಡೀತದ. ಅದರ ಕ್ರಮ ಹೇಳ್ರಿ. ಹುಡುಗರು ಈಟಿ ಚುಚ್ಚಿದಂಗ ಚುಚ್ಚಲಿಕತ್ತಾರ.

ಹಾರಿ_ಗುದ್ದಲಿ
ಹಾರಿ ಚುಚ್ಚೋದಲ್ರಿ, ಮೀಟೋದು. ಐದಡಿ ಹಾರಿ. ಎರಡು ಕಲ್ಲಿನ ಸಂದಿಯೊಳಗ ತುದಿ ಕೊಟ್ಟು, ತುದಿಯಿಂದ ಆರಿಂಚು ಹಿಂದ ಒಂದು ಸಣ್ಣ ಕಲ್ಲು ಅಡಿಗೆ ಇಡಬೇಕು. ಈ ಕಡೆ ನಾಕೂವರಿ ಅಡಿ ಉಳಿತೈತಿ, ಅಂದ್ರ ಒಂಬತ್ತು ಪಟ್ಟು ಬಲ. 76 ಕೆಜಿ ಕಲ್ಲನ್ನ ಎಂಟೊಂಬತ್ತು ಕೆಜಿ ಭಾರ ಹಾಕಿ ಅಲುಗಾಡಿಸಬಹುದು. ಅದಕ್ಕ ಕಲ್ಲು ಕೆಲಸದವ್ರು ಮಾರಿ ಕಿವುಚಂಗಿಲ್ಲ, ಮೈಭಾರ ಹಾಕಿ ನಿಧಾನಕ್ಕ ಒತ್ತತಾರ. ನಿಮ್ಮ ಹುಡುಗರು ಹಲ್ಲು ಕಚ್ಚಿ ಚೀರಿದ್ರ ಅದು ಸಿನಿಮಾ ಆತು.

ಅಪಾಯ ಇರೋದು ಕಲ್ಲು ಜಾರೋ ಕ್ಷಣದಾಗ. ಭಾರ ಒಮ್ಮಿಗೇ ಹೋದ್ರ ಹಾರಿ ಕೆಳಗ ಕುಸಿತೈತಿ, ಒತ್ತಾವ ಮುಂದ ಮುಗ್ಗರಿಸ್ತಾನ. ಹಾರಿ ಸಿಕ್ಕೊಂಡು ಕಲ್ಲು ಹಿಂದ ಕುಂತ್ರ ಅದೇ ಹಾರಿ ಮ್ಯಾಲ ಚಿಮ್ಮಿ ಗದ್ದಕ್ಕ ಹೊಡಿತೈತಿ. ಗಾರೆ ಇಲ್ಲದ ಗೋಡಿಯೊಳಗ ಕೆಳಗಿನ ಕಲ್ಲು ಬಂದ್ರ ಮ್ಯಾಲಿನ ಕಲ್ಲೂ ಬರ್ತೈತಿ. ಅದಕ್ಕ ಜೋಡಿ ಕೆಲಸ: ಒಬ್ಬ ಮೀಟ್ತಾನ, ಇನ್ನೊಬ್ಬ ಮ್ಯಾಲ ನೋಡಿ "ಸರಿ" ಅಂತಾನ. ನೋಡಾವ ಕೂಗದೇ ಇದ್ರ ಮೀಟಾವ ಸಾಯ್ತಾನ. ನಾಟಕದ ಮೊದಲ ಸಾವು ಇಲ್ಲೇ ಇಡ್ರಿ. ಶತ್ರು ಕೊಂದದ್ದಲ್ಲ. ಮುಂದಿನ ದೊಡ್ಡ ಕಲ್ಲಿನ ರೊಕ್ಕದ ಮ್ಯಾಲ ಕಣ್ಣಿದ್ದ ಗೆಳೆಯ ಒಂದು ಕ್ಷಣ ಮ್ಯಾಲ ನೋಡ್ಲಿಲ್ಲ, ಅಷ್ಟ.

ರಂಗದ ಮ್ಯಾಲ ಕಬ್ಬಿಣದ ಹಾರಿ ಬಳಸಬ್ಯಾಡ್ರಿ. ಒಂದಿಂಚು ಪಿವಿಸಿ ಪೈಪು, ಒಳಗ ಬಿದಿರು ಕೋಲು, ತುದಿಗೆ ರಬ್ಬರ್, ಮ್ಯಾಲ ಕಪ್ಪು ಬಣ್ಣ. ಸದ್ದು ಮಾತ್ರ ಖರೇ ಇರಲಿ: ಪಕ್ಕದ ಪರದೆ ಹಿಂದ ಒಂದು ಕಡಪಾ ಅಲ್ಲದ ಗಟ್ಟಿ ಕಣಶಿಲೆ ತುಂಡು, ಒಂದಡಿ ಕಬ್ಬಿಣದ ಸಲಾಕಿ. ಹುಡುಗ ಮೀಟಿದಾಗ ಅಲ್ಲೊಬ್ಬಾವ ಬಡೀಬೇಕು. ರೆಕಾರ್ಡ್ ಮಾಡಿದ ಸದ್ದು ಸ್ಪೀಕರ್‌ನಿಂದ ಬಂದ್ರ ಗೋಡಿ ಎಡಕ್ಕ, ಸದ್ದು ಎರಡೂ ಕಡೆ ಆಗ್ತೈತಿ.

ಕೌದಿ_ಅಕ್ಕ
ಉಡುಪಿನ ವಿಷಯ ನಾನು ಹೇಳ್ತೀನಿ. ನಾಟಕ ಕಂಪನಿಗಳ ಜರಿ ಕವಚ, ತಗಡಿನ ಕಿರೀಟ ಬಾಡಿಗೆಗೆ ತರಬೇಡಿ. ಅದು ದೊರೆಗಳ ಉಡುಪು. ವಿಜಯನಗರದ ದಂಡಿನಲ್ಲಿ ಹತ್ತಿ ತುಂಬಿ ಹೊಲಿದ ಅಂಗಿ ಬಳಕೆಯಲ್ಲಿತ್ತು. ಅದಕ್ಕೆ ನಮ್ಮ ಕೌದಿಗಿಂತ ಒಳ್ಳೆಯದು ಸಿಗಲ್ಲ. ಹಳೇ ಕೌದಿ ಒಂದರಿಂದ ಎರಡು ಅಂಗಿ ಆಗ್ತವೆ: ತೋಳಿಲ್ಲ, ತೊಡೆ ಅರ್ಧದವರೆಗೆ ಉದ್ದ, ಪಕ್ಕದಲ್ಲಿ ಲಾಡಿ. ಬಣ್ಣ ಬಣ್ಣದ ತೇಪೆ ಕಾಣಬಾರದು ಅಂದ್ರೆ ಒಳಮಗ್ಗುಲು ಹೊರಗೆ ಮಾಡಿ, ಚಹಾಪುಡಿ ಕುದಿಸಿದ ನೀರಲ್ಲಿ ರಾತ್ರಿಯೆಲ್ಲ ನೆನೆಸಿ. ಒಂದೊಂದರ ತೂಕ ಒಂದೂವರೆ ಎರಡು ಕೆಜಿ ಬರುತ್ತೆ.

ಇಲ್ಲೇ ಎಚ್ಚರ ಬೇಕು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತೆ. ಆ ಅಂಗಿ ಹಾಕ್ಕೊಂಡು ಕಲ್ಲು ಹೊರುವ ಹುಡುಗ ತಲೆ ತಿರುಗಿ ಬೀಳೋದು ಖಂಡಿತ. ಪ್ರಯೋಗವನ್ನ ನವೆಂಬರ್‌ನಿಂದ ಫೆಬ್ರವರಿ ಒಳಗೆ ಇಟ್ಕೊಳ್ಳಿ. ಬೇಸಿಗೆಯಲ್ಲಿ ತಾಲೀಮು ಮಾಡಲೇಬೇಕಾದ್ರೆ ಬೆಳಿಗ್ಗೆ 6ರಿಂದ 9, ಅಂಗಿ ಇಲ್ಲದೆ. ಹುಡುಗರಿಗೆ ಕುಡಿಸೋಕೆ ಒಂದು ಲೀಟರ್ ಕುಡಿಯುವ ನೀರಿಗೆ ಮಟ್ಟಸ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಈ ಅಳತೆ ತಪ್ಪಬಾರದು. ಉಪ್ಪು ಜಾಸ್ತಿ ಆದ್ರೆ ಕೆಟ್ಟದ್ದು. ಪ್ರತಿ ಪ್ರಯೋಗದ ನಂತರ ಅಂಗಿಗಳನ್ನ ಬಿಸಿಲಿಗೆ ಹಾಕಿ, ಬೆವರು ಒಳಗೇ ಕೂತ್ರೆ ಮೈ ತುರಿಕೆ ಹತ್ತುತ್ತೆ.

ಮೂರು ಹುಡುಗಿಯರನ್ನ ಬರೀ ಅಳುವ ತಾಯಿ, ಕಾಯುವ ಹೆಂಡತಿ ಮಾಡಬೇಡಿ. ದಂಡಿನ ಜೊತೆಗೆ ಅಡುಗೆಯವರು, ನೀರು ಹೊರುವವರು, ಮಾರುವವರ ಪೇಟೆಯೇ ನಡೀತಿತ್ತು. ಲೆಕ್ಕಿಗನಿಂದ ಹಣ ಇಸ್ಕೊಂಡ ಹುಡುಗರು ನೇರವಾಗಿ ಹೋಗೋದು ಅಲ್ಲಿಗೇ. ನಿನ್ನೆ ಇಬ್ಬರು ಬಂದಿದ್ರಿ, ಇವತ್ತು ಒಬ್ಬನೇ ಅಂತ ಕೇಳುವವಳು ರೊಟ್ಟಿ ಮಾರುವವಳು.

ತಾಲೀಮು
ಈಗ ಕೊಲ್ಲುವ ದೃಶ್ಯಗಳು. ಮೂರೇ ಇರಲಿ: ಓಡಿಬರುವ ತಮ್ಮವನನ್ನು ಕಡಿಯುವುದು, ಹೊಳೆಯ ದಂಡೆ, ಗೋಡೆಯ ಮೇಲಿನವನಿಗೆ ಗುಂಡು. ಇದಕ್ಕಿಂತ ಹೆಚ್ಚಾದರೆ ನೋಡುವವರು ಎಣಿಸುವುದನ್ನು ಬಿಡುತ್ತಾರೆ.

ರಂಗದ ಕಾದಾಟದಲ್ಲಿ ಬಿಟ್ಟುಕೊಡಬಾರದ ಕೆಲವು ಮಾತು. ಹೊಡೆತಕ್ಕೆ ಮೊದಲು ಇಬ್ಬರ ಕಣ್ಣು ಕೂಡಬೇಕು. ಆಯುಧದ ತುದಿ ಎಂದೂ ಮುಖದ ಮಟ್ಟಕ್ಕೆ ಏರಬಾರದು, ಮೈಗೆ ಗುರಿಯಿಟ್ಟು ಅಲ್ಲ, ಮೈಯ ಹೊರಗೆ ಒಂದು ಗೇಣು ಬಿಟ್ಟು ಚಲಿಸಬೇಕು. ಎಳೆದಾಟ, ಕತ್ತು ಹಿಸುಕುವಿಕೆ, ತಲೆಗೂದಲು ಹಿಡಿಯುವುದು ಎಲ್ಲದರಲ್ಲೂ ಚಲನೆ ಇರುವುದು ಪೆಟ್ಟು ತಿನ್ನುವವನ ಕೈಯಲ್ಲಿ. ಹೊಡೆಯುವವನು ಅವನನ್ನು ಹಿಂಬಾಲಿಸುತ್ತಾನೆ. ಮೊದಲ ವಾರ ಅರ್ಧ ವೇಗ, ಆಮೇಲೆ ಮುಕ್ಕಾಲು. ಪೂರ್ಣ ವೇಗ ಬೇಕೇ ಇಲ್ಲ, ಮುಕ್ಕಾಲು ವೇಗವೇ ಹಾಲ್‌ನಿಂದ ಪೂರ್ಣವಾಗಿ ಕಾಣುತ್ತದೆ. ಪ್ರತಿ ಪ್ರಯೋಗದ ದಿನ ಪರದೆ ಏಳುವ ಮೊದಲು ಮೂರೂ ದೃಶ್ಯ ಒಂದು ಸಲ ನಿಧಾನವಾಗಿ ಮಾಡಿಸಬೇಕು. ಅದಕ್ಕೆ ಒಬ್ಬನನ್ನು ಹೊಣೆ ಮಾಡಿ, ಅವನು ನಿಲ್ಲಿಸು ಅಂದರೆ ನಿರ್ದೇಶಕರೂ ನಿಲ್ಲಿಸಬೇಕು. ಖಡ್ಗ ಜಾತ್ರೆಯಲ್ಲಿ ಸಿಗುವ ತಗಡಿನದ್ದಲ್ಲ, ಅದರ ಅಂಚು ಹರಿತ. ಅಂಚು ಉಜ್ಜಿ ದುಂಡಗೆ ಮಾಡಿದ ಬಿದಿರಿನ ಪಟ್ಟಿಗೆ ಬೂದಿ ಬಣ್ಣ ಸಾಕು.

ರಕ್ತ ಕಡಿಮೆ ಬಳಸಿ. ಒಂದು ಲೋಟ ಸಕ್ಕರೆ ಪಾಕಕ್ಕೆ ತಿನ್ನುವ ಕೆಂಪು ಬಣ್ಣ, ಕೆಂಪು ತೀರಾ ಉಜ್ವಲ ಕಾಣದಂತೆ ಅರ್ಧ ಚಮಚ ಕೋಕೋ ಪುಡಿ. ನೀರಲ್ಲಿ ಕಲಸಿದ ಕುಂಕುಮ ಬೇಡ, ಕಣ್ಣಿಗೆ ಬಿದ್ದರೆ ಉರಿ, ಬಟ್ಟೆಯಿಂದ ಹೋಗುವುದಿಲ್ಲ. ಪಾಕ ನೆಲಕ್ಕೆ ಬಿದ್ದರೆ ಮೊದಲು ಜಾರುತ್ತದೆ, ಆಮೇಲೆ ಅಂಟುತ್ತದೆ. ಮುಂದಿನ ದೃಶ್ಯದ ಪಾತ್ರವೇ ಒದ್ದೆ ಬಟ್ಟೆ ತಂದು ಒರೆಸುವಂತೆ ಬರೆದುಬಿಡಿ.

ಓಡಿಬರುವವರನ್ನು ಕಡಿಯುವ ದೃಶ್ಯಕ್ಕೆ ಒಂದು ಮಾತು. ಕಡಿಯುವ ಹುಡುಗ ಮೊದಲು ಗುರುತಿಸಬೇಕು, ಆಮೇಲೆ ಆಜ್ಞೆ ಕೇಳಬೇಕು, ಆಮೇಲೆ ಕೈ ಎತ್ತಬೇಕು. ಈ ಮೂರರ ನಡುವೆ ತಲಾ ಎರಡು ಉಸಿರಿನಷ್ಟು ಸಮಯ. ಗುರುತಿಸುವುದು ಆಮೇಲೆ ಬಂದರೆ ಅದು ಅಪಘಾತ. ಮೊದಲೇ ಬಂದರೆ ಅವನೇ ಮಾಡಿದ್ದು.

ನೆರಳು
ಹೊಳೆಯ ದೃಶ್ಯಕ್ಕೆ ನೀಲಿ ಬಟ್ಟೆ ಅಲುಗಾಡಿಸುವುದು ಬೇಡ, ಎಲ್ಲ ಶಾಲಾ ವಾರ್ಷಿಕೋತ್ಸವದಲ್ಲೂ ಅದೇ ಇರುತ್ತದೆ. ಕೊಪ್ಪಳದ ಮೋರನಾಳದಲ್ಲಿ ತೊಗಲುಗೊಂಬೆ ಪರಂಪರೆ ಇದೆ, ಆ ವಿದ್ಯೆಯಿಂದ ಕಲಿಯಿರಿ. ಬಿಳಿ ಪಂಚೆ ಬಿಗಿಯಾಗಿ ಕಟ್ಟಿ, ಅಗಲ 12 ಅಡಿ, ಕೆಳತುದಿಗೆ ಮರಳು ತುಂಬಿದ ಕೊಳವೆ ಹೊಲಿದರೆ ಗಾಳಿಗೆ ಅಲುಗುವುದಿಲ್ಲ. ಪರದೆಯಿಂದ ಎಂಟು ಹತ್ತು ಅಡಿ ಹಿಂದೆ, ನೆಲಮಟ್ಟದಲ್ಲಿ, ಒಂದೇ ಒಂದು ಬಲ್ಬು. ಎರಡು ಬಲ್ಬು ಇಟ್ಟರೆ ಎರಡು ನೆರಳು. ಮೇಲೆ ಹೊಗೆಮುಸುಕಿನ ಗಾಜು ಇರಬಾರದು, ಅಂಚು ಮಸುಕಾಗುತ್ತದೆ. ಬೆಳಕಿನ ಹತ್ತಿರ ಸರಿದವನು ದೊಡ್ಡವನಾಗುತ್ತಾನೆ, ಪರದೆಗೆ ತಾಗಿ ನಿಂತವನು ತನ್ನ ಅಳತೆಗೇ ಇರುತ್ತಾನೆ. ಇರಿಯುವವನನ್ನು ಬೆಳಕಿನ ಕಡೆಯಿಂದ ತನ್ನಿ, ಮುಳುಗುವವನು ಪರದೆಯ ಬಳಿ. ಆಜ್ಞೆ ನಿಲ್ಲಿಸು ಎಂದು ಕೂಗಿದಾಗ ಇರಿಯುವವನು ಪರದೆಯ ಕಡೆ ನಡೆದು ಬರಲಿ, ನಡೆದಷ್ಟೂ ಕುಗ್ಗುತ್ತಾನೆ. ಮಾತು ಬೇಕಿಲ್ಲ.

ಮುಚ್ಚಿದ ಹಾಲ್‌ನಲ್ಲಿ ಹೊಗೆ ಯಂತ್ರ ಬಳಸುವುದಾದರೆ ಕಿಟಕಿ, ಬಾಗಿಲು ಯಾವುದು ತೆರೆಯುತ್ತದೆ ಎಂದು ಮೊದಲೇ ನೋಡಿ. ಪಟಾಕಿ ಖಂಡಿತ ಬೇಡ.

ದಂಡಿನ_ಮಾತು
ಗುಂಡಿನ ದೃಶ್ಯದ ಬಗ್ಗೆ. ನೂನಿಜ್ ಪ್ರಕಾರ ಕ್ರಿಸ್ಟೋವಾವ್ ಡಿ ಫಿಗೇರೆದೊ ಎಂಬವನ ಜೊತೆ 20 ಪೋರ್ಚುಗೀಸ್ ಬಂದೂಕುಗಾರರು ಬಂದಿದ್ದರು. ಕೆಳಗಿನವರಿಗೆ ಕಲ್ಲು ಹಾಕಲು ಗೋಡೆಯಿಂದ ಬಾಗಿದವರನ್ನು ಅವರು ಹೊಡೆದರು, ಕೋಟೆಯ ಅಧಿಕಾರಿಯೇ ಹಣೆಗೆ ಗುಂಡು ತಗುಲಿ ಸತ್ತ, ಕೋಟೆ ಶರಣಾಯಿತು. ಅದು ಬತ್ತಿ ಬಂದೂಕು. ಕ್ರಮ ಹೀಗೆ: ನಳಿಕೆಗೆ ಮದ್ದು, ಗುಂಡು, ಬಟ್ಟೆಯ ತುಂಡು, ಸಲಾಕೆಯಿಂದ ಗಿಡಿಯುವುದು, ನಳಿಕೆಯ ಪಕ್ಕದ ಕಿವಿಯ ಬಟ್ಟಲಿಗೆ ನುಣ್ಣನೆ ಮದ್ದು, ಮುಚ್ಚಳ ಹಾಕುವುದು, ಹೊಗೆಯಾಡುವ ಬತ್ತಿಯನ್ನು ಊದಿ ಕೊಕ್ಕೆಗೆ ಸಿಕ್ಕಿಸುವುದು, ಮುಚ್ಚಳ ತೆರೆದು ಗುರಿ. ನಿಮಿಷಕ್ಕೆ ಒಂದೆರಡು ಗುಂಡಿಗಿಂತ ಹೆಚ್ಚಿಲ್ಲ. ಮದ್ದು ತುಂಬುವಾಗ ಬತ್ತಿ ಹತ್ತಿರ ಇದ್ದರೆ ತುಂಬುವವನೇ ಸಾಯುತ್ತಾನೆ.

ಈ ಒಂದು ನಿಮಿಷ ನಿಮ್ಮ ನಾಟಕದ ಒಳ್ಳೆಯ ಒಂದು ನಿಮಿಷವಾಗಬಹುದು. ಗೋಡೆಯ ಮೇಲಿನ ಹುಡುಗ ಕೆಳಗಿನವನ ಜೊತೆ ಮಾತಾಡುತ್ತಿರಲಿ, ಬಂದೂಕುಗಾರ ಪಕ್ಕದಲ್ಲಿ ಮೌನವಾಗಿ ಎಂಟೂ ಕೆಲಸ ಮಾಡುತ್ತಿರಲಿ. ಮಾತು ಎಲ್ಲಿಗೆ ಮುಗಿಯುತ್ತದೆ ಎಂದು ನೋಡುವವರಿಗೆ ಗೊತ್ತು. ಗುಂಡಿನ ಸದ್ದಿಗೆ ಎರಡಡಿ ಉದ್ದದ ಎರಡು ಗಟ್ಟಿಮರದ ಹಲಗೆ, ಒಂದು ತುದಿಗೆ ಕೀಲು, ಪರದೆ ಹಿಂದೆ ಬಡಿದರೆ ಸಾಕು.

ಕೋಟೆಗೋಡೆ
ಮೇಲೆ ಹೇಳಿದ ಮಾತುಕತೆ ಕನ್ನಡದಲ್ಲೇ ಆಗಲಿ, ಇಬ್ಬರದ್ದೂ ರಾಯಚೂರು ಕನ್ನಡವೇ ಆಗಲಿ. ತುಂಗಭದ್ರಾ ಕೃಷ್ಣೆಗಳ ನಡುವಿನ ಈ ನೆಲ ಎರಡು ರಾಜ್ಯಗಳ ಮಧ್ಯೆ ಎಷ್ಟೋ ಸಲ ಕೈ ಬದಲಾಯಿಸಿತ್ತು. ವಿಜಯನಗರದ ದಂಡಿನಲ್ಲಿ ಮುಸ್ಲಿಮರಿದ್ದರು, ಬಿಜಾಪುರದ ಕಡೆ ಹಿಂದೂಗಳಿದ್ದರು. ಇದನ್ನು ಎರಡು ಧರ್ಮಗಳ ಯುದ್ಧವಾಗಿ ಬರೆದರೆ ಇತಿಹಾಸವೂ ಸುಳ್ಳಾಗುತ್ತದೆ, ನಾಟಕವೂ ಸುಲಭವಾಗುತ್ತದೆ; ಎದುರಿನವನು ಬೇರೆ ಜಾತಿಯ ಪ್ರಾಣಿ ಅನ್ನಿಸಿದ ಮೇಲೆ ಕೊಂದವನಿಗೆ ಯಾವ ಭಾರವೂ ಉಳಿಯುವುದಿಲ್ಲ.

ಹಳಗನ್ನಡದ ಘೋಷ ಬೇಡ. "ಎಲವೋ ವೀರನೇ" ಅಂದ ಕೂಡಲೇ ಹುಡುಗ ವೇಷಧಾರಿಯಾಗಿಬಿಡುತ್ತಾನೆ.

ಸಿರುಗುಪ್ಪ_ಓದುಗ
ಒಂದು ಆಕ್ಷೇಪ. 500 ವರ್ಷದ ಹಿಂದಿನ ಹುಡುಗನಿಗೆ ಇಂದಿನ ಮನಶ್ಶಾಸ್ತ್ರ ಹೊರಿಸುತ್ತಿದ್ದೇವಾ? ಅಂದು ಕೊಲ್ಲುವುದು ಧರ್ಮ, ಸತ್ತರೆ ಸ್ವರ್ಗ ಎಂದು ನಂಬಿದ್ದರು. ವೀರಗಲ್ಲುಗಳೇ ಸಾಕ್ಷಿ.

ದಂಡಿನ_ಮಾತು
ವೀರಗಲ್ಲನ್ನೇ ಸರಿಯಾಗಿ ನೋಡೋಣ. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಅದು ಸತ್ತವನಿಗೆ. ಕೊಂದು ಬದುಕಿ ಮನೆಗೆ ಬಂದವನಿಗೆ ಯಾವ ಹಂತ? ಕಲ್ಲಿನಲ್ಲಿ ಇಲ್ಲದ್ದರಿಂದ ಮನಸ್ಸಿನಲ್ಲೂ ಇರಲಿಲ್ಲ ಅನ್ನಲಾಗದು. ತಪ್ಪಿಲ್ಲದವರು ಸತ್ತರು ಎಂದು ರಾಯನೇ ಅಂದದ್ದನ್ನು ನೂನಿಜ್ ದಾಖಲಿಸಿದ್ದಾನಲ್ಲ, ಆ ಎಚ್ಚರ ಆ ಕಾಲಕ್ಕೂ ಇತ್ತು.

ಆದರೆ ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಪಾತ್ರದ ಬಾಯಲ್ಲಿ ಇಂದಿನ ವೈದ್ಯರ ಪದಗಳು ಬರಕೂಡದು. ನಾಟಕಕಾರನಿಗೆ ಮಾತ್ರ ಒಂದು ವ್ಯತ್ಯಾಸ ಗೊತ್ತಿರಲಿ. ಭಯದ ಗಾಯ ಬೇರೆ, ತಪ್ಪಿನ ಗಾಯ ಬೇರೆ. ಭಯದ ಗಾಯದವನು ಸದ್ದಿಗೆ ಬೆಚ್ಚುತ್ತಾನೆ, ನಿದ್ದೆಗೆಡುತ್ತಾನೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಪಟ್ಟಿಗೆ ಸೇರಿದ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಒತ್ತಡ) ಎಂಬ ಕಾಯಿಲೆ ಹೆಚ್ಚಾಗಿ ಇದರ ಸುತ್ತಲಿನದು. ತಪ್ಪಿನ ಗಾಯವನ್ನು ವಿಯೆಟ್ನಾಂನಿಂದ ಮರಳಿದವರಲ್ಲಿ ಕಂಡು ಬರೆದವರಲ್ಲಿ ಜೊನಾಥನ್ ಶೇ ಎಂಬ ವೈದ್ಯರು ಮುಖ್ಯರು: ಪ್ರಾಣ ಪಣಕ್ಕಿದ್ದ ಹೊತ್ತಿನಲ್ಲಿ ಅಧಿಕಾರದಲ್ಲಿದ್ದವನು ಸರಿಯಾದದ್ದಕ್ಕೆ ದ್ರೋಹ ಮಾಡಿದಾಗ ಆಗುವುದು. ಅಂಥವನು ಸದ್ದಿಗೆ ಬೆಚ್ಚದೇ ಇರಬಹುದು. ಹೊಗಳಿಕೆಗೆ ಬೆಚ್ಚುತ್ತಾನೆ. ಉಡುಗೊರೆ ಮುಟ್ಟುವುದಿಲ್ಲ, ತನ್ನವರ ಪಕ್ಕ ಕೂರಲು ಯೋಗ್ಯನಲ್ಲ ಅಂದುಕೊಳ್ಳುತ್ತಾನೆ. ನಿಮ್ಮ ಹುಡುಗನದು ಎರಡನೆಯದು. ಆದ್ದರಿಂದ ಕೊನೆಯ ದೃಶ್ಯದಲ್ಲಿ ಅವನು ಚೀರಿ ಏಳುವುದು ಬೇಡ. ಊರವರು ಹಾರ ತಂದಾಗ ಏನು ಮಾಡುತ್ತಾನೆ, ತಂದ ಹಣದಲ್ಲಿ ಎತ್ತು ಕೊಂಡಾಗ ಆ ಎತ್ತಿನ ಹತ್ತಿರ ಹೋಗುತ್ತಾನಾ, ಅದನ್ನು ಬರೆಯಿರಿ.

ಇನ್ನೊಂದು: ಬಹುಪಾಲು ಸೈನಿಕರು ಯುದ್ಧದಲ್ಲಿ ಗುಂಡು ಹಾರಿಸುವುದೇ ಇಲ್ಲ, ನೂರಕ್ಕೆ 15ರಿಂದ 25 ಮಂದಿ ಮಾತ್ರ ಹಾರಿಸುತ್ತಾರೆ ಎಂಬ ಮಾತು ಯುದ್ಧನಾಟಕದ ಚರ್ಚೆಗಳಲ್ಲಿ ಬರುತ್ತಲೇ ಇರುತ್ತದೆ. 1947ರಲ್ಲಿ ಮಾರ್ಷಲ್ ಎಂಬ ಅಮೆರಿಕನ್ ಹೇಳಿದ್ದು. ಅವರು ಲೆಕ್ಕ ಹಾಕಿದ ರೀತಿಯನ್ನೇ ನಂತರದ ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಸೂತ್ರಧಾರನ ಬಾಯಲ್ಲಿ ಅದನ್ನು ಹಾಕಬೇಡಿ.

ರಂಗ_ರಾಯಚೂರು
ಕೊನೆಗೆ ಹತ್ತು ನಿಮಿಷ ಇಂದಿನ ಹುಡುಗನ್ನ ತರೋ ವಿಚಾರ ಅದ. ಮೈದಾನದಾಗ ಅಗ್ನಿವೀರ್ ಭರ್ತಿಗೆ ಓಡೋ ಹುಡುಗರು. ಕಲ್ಲಿಗೆ ಇಷ್ಟು ಹಣ, ಓಟಕ್ಕ ಇಷ್ಟು ಅಂಕ ಅಂತ ಜೋಡಿಸಬಹುದೇನು?

ದಂಡಿನ_ಮಾತು
ನನ್ನ ಅಭಿಪ್ರಾಯ: ಬೇಡ. 1.6 ಕಿಲೋಮೀಟರ್ ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, ಹತ್ತು ಪುಲ್-ಅಪ್‌ಗೆ 40 ಎಂಬ ಲೆಕ್ಕ ಇದ್ದದ್ದು ನಿಜ. ನಾಲ್ಕು ವರ್ಷದ ಸೇವೆ, ಶೇ. 25ರಷ್ಟು ಮಂದಿಗೆ ಮುಂದುವರಿಕೆ ಎಂಬುದೂ 2022ರ ಯೋಜನೆಯಲ್ಲಿ ಇದೆ. ಆದರೆ ಆಯ್ಕೆಯ ಅಂಕ ಬೇರೆ, ಸಾವಿನ ಬಾಯಲ್ಲಿ ಕೊಟ್ಟ ಕೂಲಿ ಬೇರೆ. ಇಂದಿನ ಸೇನೆಗೆ ಕಾನೂನಿದೆ. 1950ರ ಸೇನಾ ಕಾಯ್ದೆಯ 41ನೆಯ ಕಲಂ ಶಿಕ್ಷಿಸುವುದು ಕಾನೂನುಬದ್ಧ ಆಜ್ಞೆಯನ್ನು ಮೀರಿದವನನ್ನು. ಆ ಒಂದು ವಿಶೇಷಣದಲ್ಲೇ ಹುಡುಗನಿಗೆ ಸ್ವಲ್ಪ ನಿಲ್ಲಲು ಜಾಗವಿದೆ. ಸೆರೆಸಿಕ್ಕವನನ್ನು ಕೊಲ್ಲುವಂತಿಲ್ಲ ಎಂದು 1949ರ ಜಿನೀವಾ ಒಪ್ಪಂದ ಹೇಳುತ್ತದೆ. 1520ರ ಹುಡುಗನಿಗೆ ಈ ಯಾವುದೂ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಇಬ್ಬರಿಗೂ ಅನ್ಯಾಯ.

ಕೌದಿ_ಅಕ್ಕ
ನಾನು ಒಪ್ಪಲ್ಲ ಸರ್. ಹೋಲಿಸಬೇಡಿ, ಆದರೆ ತನ್ನಿ. ನೋಡೋಕೆ ಬರೋ ಹುಡುಗರಲ್ಲಿ ಎಷ್ಟೋ ಜನ ನಾಳೆ ಭರ್ತಿಗೆ ಹೋಗುವವರು, ಮನೆಗೆ ಆಸರೆಯಾಗಲಿ ಅಂತ ಹೋಗುವವರು. ಅವರಿಗೆ ಉಪದೇಶ ಬೇಡ. ಅಣ್ಣ ಓಡ್ತಾನೆ, ತಂಗಿ ಮೊಬೈಲ್‌ನಲ್ಲಿ ಸಮಯ ನೋಡ್ತಾಳೆ, ಅಷ್ಟೇ ಒಂದು ದೃಶ್ಯ, ನಾಟಕದ ಮಧ್ಯದಲ್ಲಿ ಇಟ್ಟರೂ ಆದೀತು.

ದಂಡಿನ_ಮಾತು
ಮಧ್ಯದಲ್ಲಿ, ಹೋಲಿಕೆಯ ಮಾತಿಲ್ಲದೆ ಆದರೆ ಸರಿ ಅಕ್ಕ. ಹಾಗಾದರೆ ಎರಡು ಎಚ್ಚರ. ಆ ಹುಡುಗನಿಗೆ ಸಮವಸ್ತ್ರ ತೊಡಿಸಬೇಡಿ, ಟ್ರ್ಯಾಕ್ ಪ್ಯಾಂಟು ಸಾಕು. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೇನೆಯ ಉಡುಪು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಂ ಅಡಿ ಅಪರಾಧ, ಮೂರು ತಿಂಗಳವರೆಗೆ ಸೆರೆ ಅಥವಾ 2000 ರೂಪಾಯಿವರೆಗೆ ದಂಡ. ನಾಟಕಕ್ಕೆ ಆ ಉದ್ದೇಶ ಇಲ್ಲ, ಆದರೆ ತಾಲೀಮು ಮುಗಿಸಿ ಅದೇ ಉಡುಪಿನಲ್ಲಿ ಚಹಾದಂಗಡಿಗೆ ಹೋದವನನ್ನು ಯಾರಾದರೂ ಪ್ರಶ್ನಿಸಿದರೆ ಉತ್ತರ ಕಷ್ಟ. ರಾಷ್ಟ್ರಧ್ವಜ ಹೊದಿಸಿದ ಶವಪೆಟ್ಟಿಗೆಯ ದೃಶ್ಯವೂ ಬೇಡ. ಸೇನೆಯ ಅಂತ್ಯಕ್ರಿಯೆಯಂಥ ಸಂದರ್ಭ ಬಿಟ್ಟರೆ ಧ್ವಜವನ್ನು ಹೊದಿಕೆಯಾಗಿ ಬಳಸುವುದನ್ನು 1971ರ ಕಾಯ್ದೆ ನಿಷೇಧಿಸುತ್ತದೆ.

ತಾಲೀಮು
ನಟಿಸುವ ಹುಡುಗರ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಕಡಿಯುವ ದೃಶ್ಯವನ್ನು ಒಂದು ತಾಲೀಮಿನಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಮಾಡಿಸಬೇಡಿ. ಮುಗಿದ ಮೇಲೆ ಕೊಂದವನು, ಸತ್ತವನು ಇಬ್ಬರೂ ಪರಸ್ಪರ ನಿಜ ಹೆಸರು ಹಿಡಿದು ಮಾತಾಡಲಿ, ಒಟ್ಟಿಗೆ ಸಾಮಾನು ಎತ್ತಿಡಲಿ. ಕೊಲ್ಲುವ ಪಾತ್ರವನ್ನು ತಂಡದಲ್ಲಿ ಮೊದಲೇ ಮುಂಗೋಪಿ ಅನಿಸಿಕೊಂಡವನಿಗೆ ಕೊಡಬೇಡಿ. ಅವನನ್ನು ಆ ಹೆಸರಿಗೇ ಕಟ್ಟಿದಂತಾಗುತ್ತದೆ. ಎಲ್ಲರಿಗಿಂತ ಮೃದು ಹುಡುಗನಿಗೆ ಕೊಡಿ, ನಾಟಕಕ್ಕೂ ಅದೇ ಒಳ್ಳೆಯದು. ಹಾಲ್‌ನಲ್ಲಿ ಮಾಜಿ ಸೈನಿಕರು, ಅವರ ಮನೆಯವರು ಇರುತ್ತಾರೆ. ಕರಪತ್ರದಲ್ಲಿ ಕೊಲ್ಲುವ ದೃಶ್ಯ, ದೊಡ್ಡ ಸದ್ದು ಇದೆ ಎಂದು ಮುಂಚಿತವಾಗಿ ಹಾಕಿ, ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಅಚ್ಚು ಹಾಕಿಸಿ.

ರಂಗ_ರಾಯಚೂರು
ಎಲ್ಲರ ಮಾತು ಬರಕೊಂಡೀನಿ. ಕಲ್ಲಿನ ಕೆಲಸ ಮೊದಲು ಶುರು. ಹಾರಿ ಅಣ್ಣಾರ, ಗೋಡಿ ತುಂಡು ಕೊಪ್ಪಳಕ್ಕ, ಬಳ್ಳಾರಿಗೆ ಒಯ್ಯೋದು ಹ್ಯಾಂಗ?

ಹಾರಿ_ಗುದ್ದಲಿ
ಆರಡಿ ತುಂಡನ್ನ ಎರಡಡಿಯ ಮೂರು ಭಾಗ ಮಾಡ್ರಿ, ಹಿಂದ ಕಬ್ಬಿಣದ ಕೊಕ್ಕಿ, ಮೊಳಿ ಬ್ಯಾಡ. ಹಿಂಬದಿಗೆ ಓರೆ ಆಸರಿ ಕೋಲು ಎರಡು, ಅದರ ಕಾಲಿನ ಮ್ಯಾಲ ತಲಾ 20 ಕೆಜಿ ಮರಳ ಚೀಲ, ಇಲ್ಲಂದ್ರ ಹುಡುಗರು ಮೀಟೋವಾಗ ಗೋಡಿ ಮುಂದ ಬೀಳ್ತೈತಿ. ಮರಳು ಆಯಾ ಊರಾಗ ತುಂಬಿಸ್ಕೋರಿ, ಚೀಲ ಖಾಲಿ ಒಯ್ರಿ. ಕಲ್ಲಿನೊಳಗಿನ ಮರಳು ಮಾತ್ರ ತಗೀಬ್ಯಾಡ್ರಿ, ತೂಕ ಬದಲಾದ್ರ ಹುಡುಗರ ಲಯ ಕೆಡತೈತಿ. ಟಾಟಾ ಏಸ್ ಒಂದು ಸಾಕು, ಕಲ್ಲು ಕೆಳಗ, ಕೌದಿ ಅಂಗಿ ನಡುವೆ, ಗೋಡಿ ಮ್ಯಾಲ. ಮಳಿ ಬರೋ ಲಕ್ಷಣ ಇದ್ರ ತಾಡಪತ್ರಿ ಕಟ್ಟದೇ ಗಾಡಿ ಬಿಡಬ್ಯಾಡ್ರಿ, ಮೈದಾ ಅಂಟು ನೀರು ಕುಡಿದ್ರ ಎಲ್ಲಾ ಕಲ್ಲೂ ಹೋಗ್ತಾವ.